ಏನೂ ಕೇಳಿಸದ ಬೀದಿ

ನಮ್ಮೂರಿನವರು ತುಂಬ ಮರ್ಯಾದಸ್ಥರು. ಇದನ್ನು ನಮ್ಮೂರಿನವರೇ ಹೇಳುತ್ತಾರೆ; ಬೇರೆ ಊರಿನವರು ಹೇಳಿದ್ದನ್ನು ನಾನಂತೂ ಕೇಳಿಲ್ಲ. ನಮ್ಮಲ್ಲಿ ಸೂರಿನ ಕೆಳಗೆ ಆಡಿದ ಮಾತೆಲ್ಲ ಬೀದಿಗೆ ಕೇಳಿಸುತ್ತದೆ. ಬಾಗಿಲು ಹಾಕಿಕೊಳ್ಳಿ, ಕಿಟಕಿಗೆ ಕಂಬಳಿ ಕಟ್ಟಿ, ಪಿಸುಗುಟ್ಟಿ, ಏನೇ ಮಾಡಿ, ಪಕ್ಕದಲ್ಲಿ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಮಾತು ಹೊಸ್ತಿಲಾಚೆ ಹೋಗಿ ಬೀಳುತ್ತದೆ. ಮುತ್ತಜ್ಜಂದಿರ ಕಾಲದಿಂದಲೂ ಹೀಗೇ. ಅದಕ್ಕೆ ಜನ ಒಂದು ಕಟ್ಟುಪಾಡು ಮಾಡಿಕೊಂಡಿದ್ದಾರೆ: ಕೇಳಿಸಿದ್ದನ್ನು ಕೇಳಿಸಿತು ಅನ್ನಬಾರದು. ಗಂಡಹೆಂಡತಿ ಒಳಗೆ ಬಾಯಿಗೆ ಬಂದ ಹಾಗೆ ಬೈದಾಡಿ ಹೊರಗೆ ಬಂದರೆ ಎದುರುಮನೆಯವರು "ಏನು, ತಿಂಡಿ ಆಯ್ತಾ?" ಅನ್ನಬೇಕು. ಗುಟ್ಟಿನ ಮಾತಿದ್ದವರು ಊರಾಚೆಯ ಬಯಲಿಗೆ ಹೋಗಬೇಕು. ಅಲ್ಲಿ ಆಕಾಶದ ಕೆಳಗೆ ಆಡಿದ ಮಾತು ಆಡಿದವರ ನಡುವೆಯೇ ಉಳಿಯುತ್ತದೆ. ಆದರೆ ಗಂಡಹೆಂಡತಿ ಮಟಮಟ ಮಧ್ಯಾಹ್ನ ಛತ್ರಿ ಹಿಡಿದು ಬಯಲ ಕಡೆ ಹೊರಟರೆ ಬೀದಿ ಅವರ ಬೆನ್ನು ನೋಡಿಯೇ ಅರ್ಧ ವಿಷಯ ಓದಿಕೊಂಡುಬಿಡುತ್ತದೆ.

ನನಗೆ ಕ್ಯಾನ್ಸರ್ ಎಂದು ನನಗಿಂತ ಮೊದಲು ತಿಳಿದದ್ದು ಹೂವಿನ ದ್ಯಾವಮ್ಮನಿಗೆ. ಆಗ ನನಗೆ ಇಪ್ಪತ್ತೊಂದು ವರ್ಷ. ಕುತ್ತಿಗೆಯ ಎಡಕ್ಕೆ ಕಡಲೆಕಾಳಿನಷ್ಟಿದ್ದ ಗಂಟು ನೆಲ್ಲಿಕಾಯಿಯಷ್ಟಾಗಿತ್ತು. ಅದರ ಚೂರೊಂದನ್ನು ತೆಗೆದು ನಗರದ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಕೊಟ್ಟಿದ್ದೆವು. ಆ ದಿನ ಕಾಲೇಜು ಮುಗಿಸಿ ಬರುವಾಗ ಬೀದಿಯ ತಿರುವಿನಲ್ಲಿ ದ್ಯಾವಮ್ಮನ ಹತ್ತಿರ ಒಂದು ಮೊಳ ಕನಕಾಂಬರ ಕೇಳಿದೆ. ಅವಳು ಎರಡೂವರೆ ಮೊಳ ಅಳೆದಳು. ಮೊಳ ಹಾಕುವಾಗ ಮೊಣಕೈ ಮಡಚಿ ನಾಲ್ಕು ಬೆರಳು ಕದಿಯುವ ಹೆಂಗಸು ಅವಳು. "ಇರ್ಲಿ ತಗೋಳವ್ವ, ಮುಡ್ಕೋ" ಅಂದಳು. ಮುಂದೆ ಹೋದರೆ ಪಕ್ಕದ ಮನೆಯ ಜಲಜಾಕ್ಷಮ್ಮ, ಹುಟ್ಟಿದಾಗಿನಿಂದ ನನ್ನನ್ನು "ಏ ಹುಡುಗಿ" ಎಂದೇ ಕರೆದವರು, "ಬಿಸಿಲಲ್ಲಿ ಬಂದ್ಯೇನೇ ಮಗಾ?" ಅಂದರು. ಹೂವು ಮುಡಿಯದೆ ಕೈಯಲ್ಲೇ ಹಿಡಿದು ಮನೆಯ ಮೆಟ್ಟಿಲು ಹತ್ತಿದೆ. ಒಳಗೆ ಅಪ್ಪ ಫೋನು ಹಿಡಿದುಕೊಂಡು "ಕ್ಯಾನ್ಸರಾ? ಕ್ಯಾನ್ಸರ್ ಅಂದ್ರಾ ಡಾಕ್ಟ್ರೇ?" ಎಂದು ಎರಡೆರಡು ಸಲ ಕೇಳಿ ಆಗಲೇ ಒಂದು ಗಂಟೆಯಾಗಿತ್ತು.

ಅದು ಲಿಂಫೋಮಾ. ಗುಣವಾಗುವ ಜಾತಿಯದು ಅಂದರು. ಆರು ತಿಂಗಳು ಕೀಮೊ ಕೊಟ್ಟರು, ನಾನು ಉದುರಿದೆ, ಮತ್ತೆ ಚಿಗುರಿದೆ. ನೆಟ್ಟಗಿದ್ದ ಕೂದಲು ಗುಂಗುರಾಗಿ ಹುಟ್ಟಿತು. ಊರಿಗೆ ವಾಪಸು ಬಂದ ಹದಿನೈದನೇ ದಿನಕ್ಕೆ ಬೀದಿಯವರು ಶಾಮಿಯಾನ ಹಾಕಿ ನನಗೆ ಸನ್ಮಾನ ಮಾಡಿದರು. ನಿವೃತ್ತ ಹೆಡ್‌ಮಾಸ್ಟರ್ ಪರಶಿವಯ್ಯನವರು ನಮ್ಮ ಬೀದಿಯ ಎಲ್ಲ ಸಂಘಗಳಿಗೂ ಅಧ್ಯಕ್ಷರು. ಅವರು ಶಾಲು ಹೊದಿಸಿ, "ಸಾವನ್ನೇ ಸೋಲಿಸಿದ ನಮ್ಮ ಧೀರೆ ಕುಮುದಾ" ಎಂದು ಮೈಕಿನಲ್ಲಿ ಅರಚಿದರು. ನನಗೆ ಒಂದು ಕೆಮ್ಮು ಬಂತು, ಶಾಲಿನ ನುಸಿಗುಳಿಗೆಯ ವಾಸನೆಗೆ. ಮುಂದಿನ ಎರಡು ಸಾಲಿನವರು ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ಕ್ಯಾನ್ಸರು ಕೆಮ್ಮಿನಿಂದ ಅಂಟುತ್ತದೆ ಎಂದು ಅವರಿಗೆ ಯಾರು ಹೇಳಿದರೋ. ಪರಶಿವಯ್ಯನವರೇ ಹೇಳಿರಬೇಕು.

ಧೀರೆಯ ಅವಸ್ಥೆ ಏನೆಂದು ಹೇಳುತ್ತೇನೆ. ದಿನಕ್ಕೆ ನಲವತ್ತು ಐವತ್ತು ಸಲ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಕೀಮೊ ಹಾಕುವಾಗ ನರ್ಸಮ್ಮ ಚೀಪಲು ಕೊಡುತ್ತಿದ್ದ ಕಿತ್ತಳೆ ಪೆಪ್ಪರ್‌ಮೆಂಟಿನ ವಾಸನೆ ಎಲ್ಲಿ ಬಂದರೂ ವಾಂತಿ ಮಾಡುತ್ತಿದ್ದೆ. ಗೆಳತಿಯರು ಮುಂದಿನ ವರ್ಷದ ಮಾತಾಡಿದರೆ ಎದ್ದು ಬಂದುಬಿಡುತ್ತಿದ್ದೆ. ಇನ್ನೊಂದು ಸಂಗತಿಯನ್ನು ನಾನು ಯಾರ ಹತ್ತಿರವೂ ಆಡಿರಲಿಲ್ಲ. ಮೂರನೇ ಕೀಮೊ ಆದಾಗ ನಾನು ಉಳಿಯುವುದಿಲ್ಲ ಎಂದು ಗಟ್ಟಿಯಾಗಿ ನಂಬಿ ನನ್ನ ಸಾಮಾನುಗಳನ್ನೆಲ್ಲ ಹಂಚಿಬಿಟ್ಟಿದ್ದೆ. ಪುಸ್ತಕ, ಓಲೆ, ಸ್ಕೂಟರು, ಬಟ್ಟೆ. ಈಗ ಚಿಕ್ಕಪ್ಪನ ಮಗಳು ವರ್ಷಿಣಿ ನನ್ನ ಹಸಿರು ಕುರ್ತಾ ಹಾಕಿಕೊಂಡು, ನನ್ನ ಸ್ಕೂಟರಿನಲ್ಲಿ, ನನ್ನ ಮುಂದೆಯೇ ಬುರ್ರೆಂದು ಹೋಗುತ್ತಿದ್ದಳು. ನಾನು ಸಾಯಲಿಲ್ಲ, ವಾಪಸು ಕೊಡೇ ಎಂದು ಯಾವ ಬಾಯಲ್ಲಿ ಕೇಳುವುದು?

ಎಲ್ಲಕ್ಕಿಂತ ದೊಡ್ಡ ಸಂಕಟ ಅಮ್ಮ. ಐದು ವರ್ಷ ಕಳೆದರೆ ಪೂರ್ತಿ ಗುಣವಾಯಿತು ಅನ್ನಬಹುದು ಎಂದು ಡಾಕ್ಟರು ಹೇಳಿದ ದಿನ ಅಮ್ಮ ಐದು ವರ್ಷ ಒಪ್ಪತ್ತು ಊಟ ಎಂದು ಹರಕೆ ಹೊತ್ತಳು. ನನ್ನ ಅಮ್ಮ ಪ್ರಭಾವತಿ ಊಟದ ವಿಷಯದಲ್ಲಿ ರಸಿಕಳು. ಮಾವಿನಕಾಯಿ ಚಿತ್ರಾನ್ನವಾದರೆ ಬಾಣಲೆಗೇ ಕೈ ಹಾಕುತ್ತಿದ್ದವಳು. ಅವಳು ಮಧ್ಯಾಹ್ನ ಒಂದು ಹಿಡಿ ಅನ್ನ ಉಂಡು, ರಾತ್ರಿ ನನ್ನ ಎದುರು ಕೂತು ನನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಕುಪ್ಪಸದ ತೋಳು ಜೋತಾಡುತ್ತಿತ್ತು. ಬೀದಿಗೆ ಬೀದಿಯೇ ಅವಳನ್ನು ಮಹಾತಾಯಿ ಅಂದಿತು. ನನಗೆ ಪ್ರತಿ ತುತ್ತಿಗೂ ಅವಳ ಬಾಯಿಂದ ಕಿತ್ತುಕೊಂಡು ತಿಂದ ಹಾಗಾಗುತ್ತಿತ್ತು.

ಹೀಗೆ ಎರಡು ವರ್ಷ ಕಳೆಯುವಷ್ಟರಲ್ಲಿ ನಾನು ಮನೆಯಿಂದ ಹೊರಗೆ ಹೋಗುವುದನ್ನೇ ಬಿಟ್ಟೆ. ತಪಾಸಣೆಗೆ ಹೋದಾಗ ನನ್ನ ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಮೂವತ್ತರೊಳಗಿನ, ಕ್ಯಾನ್ಸರಿನಿಂದ ಗುಣವಾದವರಿಗೆಂದು ಆಸ್ಪತ್ರೆ ಒಂದು ಏರ್ಪಾಡು ಮಾಡಿತ್ತು. ಫೋನಿನಲ್ಲೇ ಆಪ್ತಸಮಾಲೋಚನೆ, ವಾರಕ್ಕೊಮ್ಮೆ, ಎಂಟು ವಾರ. ಮಂಗಳವಾರ ಸಂಜೆ ನಾಲ್ಕಕ್ಕೆ ಮುಖ ನೋಡಿಕೊಂಡು ಮಾತಾಡುವುದು. ಮಾತಾಡಿದರೆ ಹೋಗುವ ಕಾಯಿಲೆಯಾದರೆ ನಮ್ಮೂರಿನವರು ಚಿರಂಜೀವಿಗಳಾಗಬೇಕಿತ್ತು ಎಂದುಕೊಂಡೆ. ಬಯಲಿನಲ್ಲಿ ನೆಟ್‌ವರ್ಕ್ ಇಲ್ಲ. ಮನೆಯಲ್ಲೇ ಕೂರಬೇಕು.

ಮೊದಲ ಮಂಗಳವಾರ ಫೋನಿನಲ್ಲಿ ಕಂಡವರು ಜೆಸಿಂತಾ ಮೇಡಂ. ಮೂವತ್ತೈದರ ಆಸುಪಾಸು, ಕರಾವಳಿಯವರು, ಪಠ್ಯಪುಸ್ತಕದಂಥ ಕನ್ನಡ. ಹಿಂದಿನ ಗೋಡೆಯ ಮೇಲೆ ಏಸುವಿನ ಪಟ, ಪಟದ ಪಕ್ಕ ಒಣಗಲು ಹಾಕಿದ ಟವೆಲ್ಲು. "ಇಲ್ಲಿ ನೀವು ಏನು ಬೇಕಾದರೂ ಹೇಳಬಹುದು ಕುಮುದಾ. ಅದು ನಮ್ಮಿಬ್ಬರ ನಡುವೆಯೇ ಉಳಿಯುತ್ತದೆ" ಅಂದರು. ನನಗೆ ನಗು ಬಂತು. ಕಿಟಕಿಯಾಚೆ ಜಲಜಾಕ್ಷಮ್ಮ ಮೊರ ತುಂಬ ಅವರೆಕಾಯಿ ಇಟ್ಟುಕೊಂಡು ನಮ್ಮ ಗೋಡೆಗೇ ಒರಗಿ ಕೂತಿದ್ದರು.

ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದರಿಂದ ಮೇಡಂ ಮಾತು ಹೊರಗೆ ಹೋಗುತ್ತಿರಲಿಲ್ಲ, ನನ್ನದು ಮಾತ್ರ ಹೋಗುತ್ತಿತ್ತು. "ಸೊನ್ನೆಯಿಂದ ಹತ್ತರೊಳಗೆ ನಿಮ್ಮ ಸಂಕಟ ಎಷ್ಟಿದೆ?" ಎಂದು ಕೇಳಿದರು. ಸಂಕಟವೇನು ಶರಟಿನ ಅಳತೆಯೇ? "ಎರಡು" ಅಂದೆ. ಬೀದಿ ಆ ಸಂಜೆಯೆಲ್ಲ ಈ ಎರಡರ ಅರ್ಥ ಹುಡುಕಿತು. ಎರಡು ಗಂಟುಗಳೇ? ಎರಡು ವರ್ಷವೇ? ಕೇಳುವಂತಿಲ್ಲವಲ್ಲ, ಪಾಪ. ಆಮೇಲೆ ಮೇಡಂ ಮನೆಯವರ ಬಗ್ಗೆ ಕೇಳಿದರು. ಹೇಗೋ ಏನೋ, ಬಾಯಿ ಜಾರಿತು. "ಅಮ್ಮ ಎದುರಿಗೆ ಕೂತ್ರೆ ನಂಗೆ ತುತ್ತು ಇಳಿಯಲ್ಲ. ಸಿಟ್ಟು ಬರುತ್ತೆ" ಅಂದುಬಿಟ್ಟೆ. ಹೊರಗೆ ಅವರೆಕಾಯಿ ಬಿಡಿಸುವ ಸದ್ದು ನಿಂತಿತು.

ನಮ್ಮಲ್ಲಿ ಕೇಳಿಸಿತು ಅನ್ನುವಂತಿಲ್ಲ, ಆದರೆ ಬೇರೆ ಊರಿನ ಕಥೆ ಹೇಳಬಹುದು. ಮರುದಿನ ಬೆಳಿಗ್ಗೆ ಜಲಜಾಕ್ಷಮ್ಮ ರಂಗೋಲಿ ಹಾಕುತ್ತ, ಯಾರಿಗೂ ಅಲ್ಲ ಎಂಬಂತೆ, "ಬೇರೆ ಯಾವ್ದೋ ಊರಲ್ಲಿ ಒಬ್ಳು ಮಗಳಿದ್ಳಂತೆ. ತಾಯಿ ಅವಳಿಗೋಸ್ಕರ ಅನ್ನ ನೀರು ಬಿಟ್ರೆ, ತಾಯಿ ಕಂಡ್ರೆ ಸಿಟ್ಟು ಅಂದ್ಳಂತೆ. ಏನಾಯ್ತು ಹೇಳಿ? ನಾಲಿಗೆಗೆ ಹುಳ ಬಿತ್ತು" ಅಂದರು. ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಒಳಗೆ ಬಂದು ನನಗೆ ದೋಸೆ ಹಾಕಿಕೊಟ್ಟಳು. ಅವಳೂ ಮರ್ಯಾದಸ್ಥಳೇ.

ಅಂದಿನಿಂದ ನಾನು ನಾಟಕ ಶುರುಮಾಡಿದೆ. ಎರಡನೇ ಮಂಗಳವಾರ "ನಾನೀಗ ಚೆನ್ನಾಗಿದ್ದೀನಿ ಮೇಡಂ, ನಮ್ಮ ಬೀದಿಯವರ ಪ್ರೀತಿನೇ ನನಗೆ ಔಷಧಿ" ಅಂದೆ. ಹೊರಗಿನಿಂದ ಒಂದು ತೃಪ್ತಿಯ ನಿಟ್ಟುಸಿರು ಬಂತು. ಮೂರನೇ ವಾರಕ್ಕೆ ಜನ ಕುರ್ಚಿ ತಂದರು. ಪರಶಿವಯ್ಯನವರು ಬೆತ್ತದ ಕುರ್ಚಿಯಲ್ಲಿ ಕೂತು ದಿನಪತ್ರಿಕೆಯ ಅದೇ ಪುಟವನ್ನು ಮುಕ್ಕಾಲು ಗಂಟೆ ಓದುತ್ತಿದ್ದರು. ಕ್ಯಾನ್ಸರಿನಿಂದ ನಾನು ಕಲಿತ ಪಾಠಗಳನ್ನು ಹೇಳಿದೆ. ಪ್ರತಿ ಸೂರ್ಯೋದಯವೂ ವರ ಎಂದೆ. ನಾನು ಎಂಟಕ್ಕೆ ಮೊದಲು ಏಳುವವಳಲ್ಲ. ಹೇಳುತ್ತ ಹೇಳುತ್ತ ನನಗೇ ಅಸಹ್ಯವಾಗುತ್ತಿತ್ತು, ಆದರೆ ಆಚೆ ಚಪ್ಪಾಳೆಯೊಂದು ಬಿಟ್ಟು ಎಲ್ಲ ಇತ್ತು.

ನಾಲ್ಕನೇ ವಾರ ಮೇಡಂ ನನ್ನ ಭಾಷಣವನ್ನು ಅರ್ಧಕ್ಕೇ ತಡೆದರು. "ಕುಮುದಾ, ಒಂದು ಕೇಳಲಾ? ನೀವು ನನ್ನ ಹತ್ತಿರ ಮಾತಾಡುವುದಿಲ್ಲ. ಸಭೆಯಲ್ಲಿ ಮಾತಾಡಿದ ಹಾಗೆ ಮಾತಾಡ್ತೀರಿ. ಇಲ್ಲಿ ನಾನು ಒಬ್ಬಳೇ ಇರುವುದಲ್ವಾ? ಇಷ್ಟು ಚಂದ ಮಾಡಿ ಯಾರಿಗೆ ಹೇಳುವುದು ನೀವು?"

ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನ ಹಳೇ ಹಾಳೆ ಹರಿದು ಅದರ ಬೆನ್ನ ಮೇಲೆ ದಪ್ಪಗೆ ಬರೆದು ಫೋನಿಗೆ ಹಿಡಿದೆ. 'ನಾನು ಹೇಳುವುದೆಲ್ಲ ಬೀದಿಗೆ ಕೇಳಿಸುತ್ತೆ. ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.' ಮೇಡಂ ಕಣ್ಣು ಕಿರಿದು ಮಾಡಿ ಓದಿದರು. ಅವರ ಅಡುಗೆಮನೆಯಲ್ಲಿ ಕುಕ್ಕರು ಒಂದು ಕೂಗು ಕೂಗಿತು. ಪಠ್ಯಪುಸ್ತಕ ಅಲ್ಲಿಗೆ ಮುಚ್ಚಿತು. "ಅಯ್ಯೋ ಮಾರಾಯ್ತಿ, ಇದನ್ನು ಮೊದಲೇ ಹೇಳುವುದಲ್ವಾ! ನಾಲ್ಕು ವಾರ ಸುಮ್ಮನೆ ಹೋಯ್ತಲ್ಲ! ಟೈಪ್ ಮಾಡುವ. ನೀವೂ ಟೈಪ್ ಮಾಡಿ, ನಾನೂ ಮಾಡ್ತೇನೆ."

ಟೈಪ್ ಮಾಡಿದೆ. ಮೊದಲು ಹಸಿರು ಕುರ್ತಾದ ವಿಷಯ ಬರೆದೆ, ಅದು ಸಣ್ಣದು ಎಂದು. ಬರೆಯುತ್ತ ಬರೆಯುತ್ತ ಅಳು ಬಂತು. ಸಾಯಲು ಪೂರ್ತಿ ಸಿದ್ಧವಾಗಿದ್ದವಳಿಗೆ ಉಳಿದದ್ದಕ್ಕೆ ಖುಷಿಯೇ ಆಗುತ್ತಿಲ್ಲ, ನಾಚಿಕೆಯಾಗುತ್ತಿದೆ ಎಂದು ಬರೆದೆ. ಆಸ್ಪತ್ರೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೀಮೊ ಹಾಕಿಸಿಕೊಳ್ಳುತ್ತಿದ್ದ ಹುಡುಗಿ ಎರಡು ತಿಂಗಳ ಹಿಂದೆ ಹೋದಳು, ನಾನು ಅವಳ ಮನೆಗೆ ಒಂದು ಫೋನೂ ಮಾಡಲಿಲ್ಲ ಎಂದು ಬರೆದೆ. ಮೇಡಂ ಸೂರ್ಯೋದಯದ ಮಾತೆತ್ತಲಿಲ್ಲ. 'ಆ ಹುಡುಗಿಯ ಹೆಸರೇನು?' ಎಂದು ಕೇಳಿದರು, ಅಷ್ಟೇ. ಅವಳ ಹೆಸರು ತಬಸ್ಸುಮ್. ಅದನ್ನು ಬೆರಳಲ್ಲಿ ಬರೆಯಲು ನನಗೆ ಐದು ನಿಮಿಷ ಬೇಕಾಯಿತು.

ಮನೆಕೆಲಸವನ್ನೂ ಕೊಟ್ಟರು, ಒಂದನೇ ಕ್ಲಾಸಿನವರಿಗೆ ಕೊಟ್ಟ ಹಾಗೆ. ಕುತ್ತಿಗೆ ಮುಟ್ಟಿದಾಗಲೆಲ್ಲ ಪುಸ್ತಕದಲ್ಲಿ ಒಂದು ಗೀಟು ಹಾಕಬೇಕು. ಮುಟ್ಟಬೇಕು ಅನ್ನಿಸಿದ ಕೂಡಲೇ ಮುಟ್ಟದೆ ಹತ್ತು ನಿಮಿಷ ತಡೆಯಬೇಕು. ಇದೆಂಥ ವೈದ್ಯ ಎಂದು ಗೊಣಗುತ್ತಲೇ ಮಾಡಿದೆ. ಮೊದಲ ದಿನ ನಲವತ್ತೇಳು ಗೀಟು. ಎರಡು ವಾರದ ಮೇಲೆ ಇಪ್ಪತ್ತಾರು. ನನಗೇ ಒಂದು ತರಹ ಅವಮಾನವಾಯಿತು. ಇಷ್ಟು ಸಣ್ಣ ಉಪಾಯಕ್ಕೆ ಬಗ್ಗುವ ಸಂಕಟವನ್ನು ನಾನು ಎಷ್ಟು ದೊಡ್ಡದಾಗಿ ಇಟ್ಟುಕೊಂಡಿದ್ದೆ!

ಇತ್ತ ಬೀದಿ ಕಂಗಾಲಾಯಿತು. ಮಂಗಳವಾರ ನಾಲ್ಕಕ್ಕೆ ಕುರ್ಚಿ ಹಾಕಿಕೊಂಡರೆ ಒಳಗಿನಿಂದ ಏನೂ ಇಲ್ಲ. ಒಂದೊಂದು ಸಲ ಮೂಗು ಏರಿಸುವ ಸದ್ದು. ನಮ್ಮೂರಿನಲ್ಲಿ ಒಳಗಿನ ಮೌನಕ್ಕೆ ಒಂದೇ ಅರ್ಥ: ಹೇಳಲಾಗದ್ದು ಏನೋ ಆಗಿದೆ. ಎರಡು ವಾರ ತಡೆದುಕೊಂಡರು. ಆರನೇ ವಾರ ಅಪ್ಪನ ಜೊತೆ ನಗರಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದೆ. ಅದು ಆರು ತಿಂಗಳಿಗೊಮ್ಮೆ ಮಾಡಿಸಲೇಬೇಕಾದದ್ದು. ಬೀದಿಗೆ ಅಷ್ಟೇ ಸಾಕಾಯಿತು. ಮರುದಿನ ಬಾಗಿಲಿಗೆ ಸೇಬು ಬಂತು, ದಾಳಿಂಬೆ ಬಂತು. "ಸುಮ್ನೆ ಕಣಮ್ಮ, ಮಾರ್ಕೆಟ್ಟಲ್ಲಿ ಚೆನ್ನಾಗಿತ್ತು." ಪರಶಿವಯ್ಯನವರು ಬೀದಿಯ ಶಾಂತಿಗೆಂದು ಮೃತ್ಯುಂಜಯ ಜಪ ಇಟ್ಟುಕೊಂಡರು, ನನ್ನ ಹೆಸರು ಎತ್ತಲಿಲ್ಲ, ಎಷ್ಟಾದರೂ ಸಭ್ಯರು. ದ್ಯಾವಮ್ಮ ಕರೆದು ಕೂರಿಸಿ ಮೂರು ಮೊಳ ಮಲ್ಲಿಗೆ ಕೊಟ್ಟಳು.

ಹೂವು ಕೈಯಲ್ಲಿ ಹಿಡಿದು ಅಲ್ಲೇ ನಿಂತೆ. ಹಿಂದಿನ ಸಲ ಇವರಿಗೆ ನನಗಿಂತ ಮೊದಲು ಗೊತ್ತಿತ್ತು. ಈ ಸಲವೂ ಗೊತ್ತಿರಬೇಕು. ಡಾಕ್ಟರು ಅಪ್ಪನಿಗೆ ಫೋನು ಮಾಡಿರಬೇಕು. ಮನೆಗೆ ಓಡಿದೆ. ಬಾಗಿಲಿಗೆ ಬೀಗ. ಎದುರುಮನೆ ಕಟ್ಟೆಯ ಮೇಲಿದ್ದವರೆಲ್ಲ ಒಟ್ಟಿಗೆ ಬೇರೆ ಕಡೆ ನೋಡಿದರು.

"ಅಪ್ಪ ಅಮ್ಮ ಎಲ್ಲಿ?" ಅಂದೆ.

"ಈಗ ತಾನೇ ಬಯಲ ಕಡೆ ಹೋದ್ರು ಮಗಾ. ಗಾಳಿಗೆ ಇರ್ಬೇಕು" ಅಂದರು ಜಲಜಾಕ್ಷಮ್ಮ. ಮಧ್ಯಾಹ್ನ ಎರಡು ಗಂಟೆ. ಟಾರು ಕರಗುವ ಬಿಸಿಲು. ಎಂಥ ಗಾಳಿ?

ನಾನು ಹುಟ್ಟಿ ಬೆಳೆದ ಕಟ್ಟುಪಾಡನ್ನು ಅಲ್ಲೇ ಮುರಿದೆ. "ನಿಮಗೆ ಏನು ಕೇಳಿಸ್ತು? ನಮ್ಮನೆ ಒಳಗಿಂದ ಏನು ಕೇಳಿಸ್ತು, ಹೇಳಿ!" ಎಂದು ಕಿರುಚಿದೆ. ಬೀದಿಯ ನಡುವೆ ಸೀರೆ ಕಳಚಿ ನಿಂತಿದ್ದರೂ ಅವರು ಅಷ್ಟು ಬೆಚ್ಚುತ್ತಿರಲಿಲ್ಲ. ಜಲಜಾಕ್ಷಮ್ಮ ಕಿವಿ ಮುಚ್ಚಿಕೊಂಡರು. ಪರಶಿವಯ್ಯನವರು ಪತ್ರಿಕೆ ಎತ್ತಿ ಮುಖಕ್ಕೆ ಹಿಡಿದು, "ಈಗಿನ ಹುಡುಗೀರಿಗೆ ಸಂಸ್ಕಾರ..." ಎಂದು ಶುರುಮಾಡಿದರು. ಅವರ ಸಂಸ್ಕಾರವನ್ನು ಅವರ ಪತ್ರಿಕೆಯಲ್ಲೇ ಕಟ್ಟಿಕೊಳ್ಳಲಿ ಎಂದು ಬಯಲಿಗೆ ಓಡಿದೆ.

ಬಯಲಿನ ನಡುವೆ ಒಂದು ಛತ್ರಿ, ಛತ್ರಿಯ ಕೆಳಗೆ ಇಬ್ಬರು. ಅಪ್ಪನ ಕೈಯಲ್ಲಿ ಅಂಗಡಿಯ ಗ್ರೀಸು ಇನ್ನೂ ಇತ್ತು. ಮೋಟಾರ್ ವೈಂಡಿಂಗ್ ಮಾಡುವ ಮನುಷ್ಯ, ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದ. ನನ್ನನ್ನು ನೋಡಿ ಇಬ್ಬರೂ ಎದ್ದು ನಿಂತರು.

"ರಿಪೋರ್ಟ್ ಬಂತಾ?" ಅಂದೆ, ಏದುಸಿರಿನಲ್ಲಿ.

"ನಾವೇ ನಿನ್ನ ಕೇಳ್ಬೇಕು ಅಂತಿದ್ವಿ" ಅಂದ ಅಪ್ಪ. "ನಿನಗೆ ಡಾಕ್ಟ್ರು ಹೇಳಿದ್ದಾರೆ, ನೀನು ಅದನ್ನ ಆ ಮೇಡಮ್ಮಿಗೆ ಮಾತ್ರ ಬರೆದು ತಿಳಿಸ್ತಾ ಇದ್ದೀಯ, ನಮಗೆ ಮುಚ್ಚಿಟ್ಟಿದ್ದೀಯ ಅಂದ್ಕೊಂಡ್ವಿ."

"ಯಾರು ಹಾಗಂದೋರು?"

"ಯಾರೂ ಅನ್ಲಿಲ್ಲ ಕಣಮ್ಮ. ದ್ಯಾವಮ್ಮ ನಿಮ್ಮಮ್ಮನಿಗೂ ಹೂವು ಜಾಸ್ತಿ ಕೊಟ್ಲು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ರಿಪೋರ್ಟು ಯಾರಿಗೂ ಬಂದಿರಲಿಲ್ಲ. ಬೀದಿ ನಮ್ಮ ಮೌನಕ್ಕೆ ಹೆದರಿತ್ತು, ನಾವು ಬೀದಿಯ ಹೂವಿಗೆ ಹೆದರಿದ್ದೆವು. ಮೂರು ಜನ ಒಂದೇ ಸೂರಿನ ಕೆಳಗೆ, ಒಬ್ಬರ ಮುಖ ಒಬ್ಬರು ನೋಡುತ್ತ, ಇಲ್ಲದ ಸಾವನ್ನು ಬಚ್ಚಿಟ್ಟುಕೊಂಡು ಕೂತಿದ್ದೆವು. ಅಪ್ಪ ಅಲ್ಲೇ ಒಣಹುಲ್ಲಿನ ಮೇಲೆ ಕುಸಿದು ಕೂತ. ಅಮ್ಮ ಓಲಾಡಿದಳು, ನಾನು ಹಿಡಿದುಕೊಂಡೆ. ಕೈಗೆ ಮೂಳೆ ಮಾತ್ರ ಸಿಕ್ಕಿತು.

ಅಲ್ಲಿಗೆ ನನ್ನ ಕಟ್ಟೆ ಒಡೆಯಿತು. "ಸಾಕು ನಿಲ್ಲಿಸಮ್ಮ! ಐದು ವರ್ಷ ಮುಗಿಯೋ ಹೊತ್ತಿಗೆ ನಾನಿರ್ತೀನಿ, ನೀನೇ ಇರಲ್ಲ! ನನಗೋಸ್ಕರ ಅಂತ ಉಪವಾಸ ಮಾಡ್ಬೇಡ. ನಾನು ಕೇಳಿರ್ಲಿಲ್ಲ. ನನ್ನ ಮೇಲೆ ಆ ಭಾರ ಹಾಕ್ಬೇಡ!"

ಅಮ್ಮ ನನ್ನ ಕೈ ಬಿಡಿಸಿಕೊಂಡಳು. ಸುತ್ತ ನೋಡಿದಳು. ನಾಲ್ಕು ಮೇಕೆಗಳು ಬಿಟ್ಟರೆ ಯಾರೂ ಇರಲಿಲ್ಲ.

"ನಿನಗೋಸ್ಕರ ಅಂತ ಯಾರೇ ಹೇಳಿದ್ದು?" ಅಂದಳು. ಅಷ್ಟು ಒರಟಾಗಿ ಅವಳು ಮಾತಾಡಿದ್ದು ನಾನು ಕೇಳಿರಲಿಲ್ಲ. "ಆಸ್ಪತ್ರೇಲಿ ನೀನು ವಾಂತಿ ಮಾಡ್ತಿದ್ದಾಗಿಂದ ನನಗೆ ಅನ್ನ ಗಂಟಲಲ್ಲಿ ಇಳಿಯಲ್ಲ. ಬಾಯಿಗಿಟ್ರೆ ಉಗಿಯೋ ಹಾಗಾಗುತ್ತೆ. ಊಟ ಮಾಡು ಊಟ ಮಾಡು ಅಂತ ಎಲ್ರೂ ಜೀವ ತಿಂತಿದ್ರು. ದೇವರ ಹೆಸರು ಹೇಳಿದ್ರೆ ಯಾರೂ ಬಲವಂತ ಮಾಡಲ್ಲ. ಹರಕೆ ಅಂದೆ. ಅಷ್ಟೇ."

ಅಪ್ಪ ಬಾಯಿ ಬಿಟ್ಟು ಅವಳನ್ನೇ ನೋಡಿದ. "ನನಗೂ ಹೇಳ್ಲಿಲ್ವಲ್ಲೇ ಪ್ರಭಾ."

"ಎಲ್ಲಿ ಹೇಳ್ಲಿ? ಮನೇಲಿ ಹೇಳಿದ್ರೆ ಬೀದಿಗೆ ಗೊತ್ತಾಗುತ್ತೆ. ಬಯಲಿಗೆ ಬಂದ್ರೆ ಯಾಕೆ ಬಂದ್ರು ಅಂತ ಗೊತ್ತಾಗುತ್ತೆ." ಆಮೇಲೆ ನನ್ನ ಕಡೆ ತಿರುಗಿ, ದನಿ ಇಳಿಸಿ, "ನಿನಗಾದ್ರೆ ಮಂಗಳವಾರ ಇದೆ" ಅಂದಳು.

ಎರಡು ವರ್ಷ ನಾನು ಅವಳ ಹಸಿವನ್ನು ನನ್ನ ಮೇಲಿನ ಋಣ ಎಂದುಕೊಂಡು ಹೊತ್ತಿದ್ದೆ. ಅದು ಹಸಿವೇ ಆಗಿರಲಿಲ್ಲ. ಊರಿಗೆಲ್ಲ ಬೈಯುತ್ತ ಓಡಾಡಿದ ನಾನು ನನ್ನ ಮನೆಯೊಳಗೆ ಒಂದು ದಿನವೂ ಅವಳನ್ನು ಏನಮ್ಮ ನಿನಗೆ ಎಂದು ಕೇಳಿರಲಿಲ್ಲ. ಬೀದಿಯವರಿಗಿಂತ ನಾನೇನು ದೊಡ್ಡವಳಾಗಿದ್ದೆ? ಅವರಾದರೂ ಕಿವಿಗೊಟ್ಟು ಕೂತಿದ್ದರು.

ಶನಿವಾರ ರಿಪೋರ್ಟು ಬಂತು. ಏನೂ ಇಲ್ಲ, ಮತ್ತೆ ಆರು ತಿಂಗಳಿಗೆ ಬನ್ನಿ. ಅಪ್ಪ ಅದನ್ನು ಬೇಕೆಂದೇ ಒಳಗೆ ನಿಂತು ಮೂರು ಸಲ ಗಟ್ಟಿಯಾಗಿ ಓದಿದ. ಬೀದಿಗೆ ನೆಮ್ಮದಿಯೂ ಆಯಿತು, ಒಂದಿಷ್ಟು ನಿರಾಸೆಯೂ ಆಗಿರಬೇಕು. ಜಪಕ್ಕೆ ತಂದ ತುಪ್ಪ ದಂಡವಾಯಿತಲ್ಲ. ಪರಶಿವಯ್ಯನವರು ಇದನ್ನು ಜಪದ ಫಲವೆಂದು ತಮ್ಮ ಖಾತೆಗೆ ಸೇರಿಸಿಕೊಂಡರು. ನಾನು ತಬಸ್ಸುಮಳ ಮನೆಗೆ ಫೋನು ಮಾಡಿದೆ. ಅವಳ ಅಮ್ಮ ಎತ್ತಿದರು. ಮನೆಯಲ್ಲಿ ನಿಂತೇ ಅತ್ತೆ. ಕೇಳಿಸಿದರೆ ಕೇಳಿಸಲಿ. ವರ್ಷಿಣಿಯ ಹತ್ತಿರ ಹೋಗಿ ಸ್ಕೂಟರು ಕೇಳಿದೆ. ಮುಖ ಊದಿಸಿಕೊಂಡು ಕೊಟ್ಟಳು. ಕುರ್ತಾ ಅವಳಿಗೇ ಚೆನ್ನಾಗಿ ಕಾಣುತ್ತಿತ್ತು, ಬಿಟ್ಟೆ.

ಏಳನೇ ವಾರ ಇದೆಲ್ಲವನ್ನೂ ಟೈಪ್ ಮಾಡಿದೆ. ಗೀಟುಗಳು ಹನ್ನೊಂದಕ್ಕೆ ಇಳಿದಿದ್ದವು. ಹನ್ನೊಂದು ಸಲ ಕುತ್ತಿಗೆ ಮುಟ್ಟಿಕೊಳ್ಳುವವಳಿಗೆ ಯಾರೂ ಶಾಲು ಹೊದಿಸುವುದಿಲ್ಲ, ಆದರೆ ಆ ಪುಸ್ತಕವನ್ನು ನಾನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದೆ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಮೇಡಂ ಕೇಳಿದರು. ಈ ಸಲ ನಿಜ ಬರೆದೆ. 'ಐದು. ಮೊದಲ ದಿನ ಎರಡು ಅಂದಾಗ ಒಂಬತ್ತಿತ್ತು.' ಅದಕ್ಕವರು, 'ಗೊತ್ತಿತ್ತು' ಎಂದು ಬರೆದರು. 'ಕೊನೆಯ ವಾರಕ್ಕೆ ಮನೆಯವರು ಯಾರಾದರೂ ಬರುವುದಾದರೆ ಬರಬಹುದು. ಅಮ್ಮ ಬರ್ತಾರಾ ಕೇಳಿ.'

ಕೇಳಿದೆ. ಅಮ್ಮ "ನನಗೆ ಟೈಪ್ ಮಾಡೋಕೆ ಬರಲ್ಲ" ಅಂದಳು, ಅಷ್ಟೇ. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ.

ಎಂಟನೇ ಮಂಗಳವಾರ ನಾಲ್ಕಕ್ಕೆ ನಾನು ಫೋನು ನಿಲ್ಲಿಸಿಕೊಂಡು ಕೂತೆ. ಕೊನೆಯ ದಿನವೆಂದು ಬೀದಿಗೆ ಹೇಗೋ ಗೊತ್ತಿತ್ತು. ನಾನು ವಿದಾಯದ ಎರಡು ಮಾತನ್ನಾದರೂ ಬಾಯಿಬಿಟ್ಟು ಹೇಳಿಯೇನು ಎಂದು ಕುರ್ಚಿಗಳು ಮತ್ತೆ ಬಂದಿದ್ದವು. ಅಮ್ಮ ಒಗೆದ ಸೀರೆ ಉಟ್ಟು, ತಲೆ ಬಾಚಿ, ನನ್ನ ಪಕ್ಕ ಬಂದು ಕೂತಳು. ಇಯರ್‌ಫೋನು ಇಬ್ಬರಿಗೆ ಸಾಲದು, ತೆಗೆದಿಟ್ಟೆ. ಜೆಸಿಂತಾ ಮೇಡಂ ದನಿ ಮೊದಲ ಸಲ ನಮ್ಮ ಮನೆಯಿಂದ ಬೀದಿಗೆ ಹೋಯಿತು.

"ನಮಸ್ಕಾರ ಅಮ್ಮ. ಹೇಗಿದ್ದೀರಿ ನೀವು?"

ಅಮ್ಮ ಎದ್ದಳು. ಹೋದಳು, ಇವಳಿಂದ ಆಗುವುದಿಲ್ಲ ಎಂದುಕೊಂಡೆ. ಅವಳು ಹೋಗಿ ಬೀದಿಬಾಗಿಲನ್ನು ಪೂರ್ತಿ ತೆರೆದು ಹೊಸ್ತಿಲ ಒಳಗೇ ನಿಂತಳು. ಕುರ್ಚಿಗಳಲ್ಲಿದ್ದವರು ತಡಬಡಿಸಿ ಆಕಾಶ, ಮರ, ಉಗುರು, ಸಿಕ್ಕಿದ್ದನ್ನು ನೋಡತೊಡಗಿದರು.

"ಪರಶಿವಯ್ಯನೋರೇ, ಒಳಗಿನ ಮಾತು ನಿಮಗೇನಾದ್ರೂ ಕೇಳಿಸ್ತಾ ಇದ್ಯಾ?"

ಪತ್ರಿಕೆಯ ಹಿಂದಿನಿಂದ ಪರಶಿವಯ್ಯನವರು, "ಛೆ ಛೆ, ಇಲ್ಲಮ್ಮ! ಏನೂ ಕೇಳಿಸ್ತಿಲ್ಲ" ಅಂದರು.

"ಜಲಜಾಕ್ಷಮ್ಮ, ನಿಮಗೆ?"

"ಶಿವಶಿವಾ, ನನಗ್ಯಾಕೆ ಕೇಳಿಸುತ್ತೆ?"

"ಹಾಗಾದ್ರೆ ಒಳ್ಳೇದು" ಎಂದು ಅಮ್ಮ ಬಾಗಿಲನ್ನು ತೆರೆದೇ ಬಿಟ್ಟು ವಾಪಸು ಬಂದಳು. ಫೋನನ್ನು ತನ್ನ ಕಡೆಗೆ ತಿರುಗಿಸಿಕೊಂಡಳು, ಸೆರಗಿನಿಂದ ಅದರ ಗಾಜು ಒರೆಸಿದಳು, ಆಮೇಲೆ ಗಂಟಲು ಸರಿಮಾಡಿಕೊಂಡು, ಬೀದಿಯ ಕೊನೆಯ ಮನೆಗೂ ಮುಟ್ಟುವಂತೆ ಹೇಳಿದಳು: "ನಾನು ಚೆನ್ನಾಗಿಲ್ಲ ಮೇಡಂ. ಎರಡು ವರ್ಷದಿಂದ ಚೆನ್ನಾಗಿಲ್ಲ."

ಮುಕ್ಕಾಲು ಗಂಟೆಯಲ್ಲಿ ಅವಳು ನನಗೆ ಒಂದು ಮಾತಾಡಲೂ ಬಿಡಲಿಲ್ಲ. ನಾನು ಪಕ್ಕದಲ್ಲಿ ಕೂತು ಅವಳ ಬೆನ್ನು ನೀವುತ್ತಿದ್ದೆ.